ಒಂದೇ ಕೋಡ್, ನಾಲ್ಕು ಎಡಿಟರ್: ಇಂಡೆಂಟ್ ಜಗಳ ಬಿಡಿಸುವುದು ಹೇಗೆ?

ಪ್ರಶ್ನೆ: ನಾವು ಐದು ಜನ ಸೇರಿ ಅಡಿಕೆ ವಹಿವಾಟಿನ ಸಹಕಾರಿ ಸಂಘಗಳಿಗಾಗಿ ಸಾಫ್ಟ್‌ವೇರ್ ಬರೆಯುತ್ತಿದ್ದೇವೆ. ಇಬ್ಬರು ಶಿರಸಿಯಲ್ಲಿದ್ದೇವೆ, ಒಬ್ಬರು ಕುಮಟಾದಲ್ಲಿ, ಒಬ್ಬರು ಕಾರವಾರದಲ್ಲಿ. ಇನ್ನೊಬ್ಬರು ಸಿದ್ದಾಪುರದ ಹತ್ತಿರದ ಹಳ್ಳಿಯ ಮನೆಯಿಂದಲೇ ಕೆಲಸ ಮಾಡುತ್ತಾರೆ. ಸರ್ವರ್ ಭಾಗ ಪೈಥಾನ್‌ನಲ್ಲಿದೆ, ಪರದೆಗಳು ಜಾವಾಸ್ಕ್ರಿಪ್ಟ್‌ನಲ್ಲಿವೆ. ತಂಡದ ಹಿರಿಯರು ವಿಮ್ ಬಿಟ್ಟು ಬೇರೆ ಎಡಿಟರ್ ಮುಟ್ಟುವುದಿಲ್ಲ. ಕುಮಟಾದವರದು ಈಮ್ಯಾಕ್ಸ್, ಇಬ್ಬರದು ವಿಎಸ್ ಕೋಡ್, ಕಾರವಾರದವರು ವಿಂಡೋಸ್‌ನಲ್ಲಿ ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಬಳಸುತ್ತಾರೆ. ಒಂದು ಸಾಲು ತಿದ್ದಿದರೂ, ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿ ಇಡೀ ಫೈಲ್ ಬದಲಾದಂತೆ ಕಾಣುತ್ತದೆ. ದರಪಟ್ಟಿಯ ಕನ್ನಡ ಅಕ್ಷರಗಳು ಈಗಾಗಲೇ ಎರಡು ಬಾರಿ ಕೆಟ್ಟಿವೆ. ಪ್ರತಿ ಫೈಲಿನ ತಲೆಯಲ್ಲಿ ವಿಮ್‌ನ ಸೂಚನಾ ಸಾಲು ಹಾಕೋಣ ಎಂದು ಹಿರಿಯರು ಹೇಳುತ್ತಾರೆ. ವಿಎಸ್ ಕೋಡ್‌ನ ಸೆಟ್ಟಿಂಗ್ಸ್ ಫೋಲ್ಡರನ್ನೇ ಕೋಡ್ ಜೊತೆ ಸೇರಿಸೋಣ ಎಂಬುದು ಇನ್ನಿಬ್ಬರ ವಾದ. ಯಾರ ಮಾತು ಸರಿ? ಹಳೆಯ ಕೋಡನ್ನೆಲ್ಲ ಒಮ್ಮೆಲೇ ಸರಿಪಡಿಸಬೇಕೇ, ಅಥವಾ ಮುಟ್ಟಿದ ಫೈಲನ್ನಷ್ಟೇ ಸರಿಪಡಿಸುತ್ತಾ ಹೋದರೆ ಸಾಕೇ?
— ಶಿರಸಿಯ ಓದುಗರು

ಉತ್ತರ: ಎರಡು ಸಲಹೆಗಳನ್ನೂ ಒಪ್ಪಬೇಡಿ. ಎರಡೂ ಕಡೆಯವರು ಹೇಳುತ್ತಿರುವುದು ತಮ್ಮ ಎಡಿಟರಿಗೆ ಅರ್ಥವಾಗುವ ಭಾಷೆಯನ್ನು ತಂಡದ ಕೋಡಿಗೆ ಹೊರಿಸುವ ಮಾತನ್ನೇ. ಮೊದಲು ಒಂದು ಗೆರೆ ಎಳೆದುಕೊಳ್ಳಿ: ಫೈಲಿನೊಳಗೆ ಹೋಗುವ ಬೈಟ್‌ಗಳು ತಂಡಕ್ಕೆ ಸೇರಿದ್ದು, ಅವು ಪರದೆಯ ಮೇಲೆ ಹೇಗೆ ಕಾಣುತ್ತವೆ ಎಂಬುದು ಆಯಾ ವ್ಯಕ್ತಿಗೆ ಸೇರಿದ್ದು. ಇಂಡೆಂಟಿಗೆ, ಅಂದರೆ ಸಾಲನ್ನು ಒಳಕ್ಕೆ ಸರಿಸಿ ಬರೆಯಲು, ಟ್ಯಾಬ್ ಬಳಸಬೇಕೋ ಸ್ಪೇಸ್ ಬಳಸಬೇಕೋ, ಸಾಲಿನ ಕೊನೆಯಲ್ಲಿ ಯಾವ ಚಿಹ್ನೆ ಇರಬೇಕು, ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಪದ್ಧತಿ (ಎನ್‌ಕೋಡಿಂಗ್) ಯಾವುದು ಎಂಬುದನ್ನೆಲ್ಲ ತಂಡ ತೀರ್ಮಾನಿಸಬೇಕು. ಫಾಂಟ್, ಬಣ್ಣ, ಉದ್ದ ಸಾಲನ್ನು ಮಡಚಿ ತೋರಿಸುವುದು, ಟ್ಯಾಬ್ ಎಷ್ಟು ಅಗಲ ಕಾಣಬೇಕು ಎಂಬ ವಿಷಯಗಳಲ್ಲಿ ತಂಡ ಕೈ ಹಾಕಲೇಬಾರದು. ನಿಮ್ಮಲ್ಲಿ ನಡೆಯುತ್ತಿರುವ ವಾದದ ಬಹುಪಾಲು ಈ ಎರಡನ್ನೂ ಒಟ್ಟಿಗೆ ಕಲಸಿರುವುದರಿಂದ ಹುಟ್ಟಿದ್ದು.

ಇಡೀ ಫೈಲ್ ಬದಲಾದಂತೆ ಕಾಣುವ ತೊಂದರೆಯನ್ನು ಮೊದಲು ನೋಡೋಣ. ಅದು ನಿಂತರೆ ಉಳಿದದ್ದನ್ನು ಶಾಂತವಾಗಿ ಕುಳಿತು ಮಾತಾಡಬಹುದು. ಬಹುಮಟ್ಟಿಗೆ ಇದು ಸಾಲಿನ ಅಂತ್ಯದ ಸಮಸ್ಯೆ. ಲಿನಕ್ಸ್‌ನಲ್ಲಿ ಸಾಲು ಮುಗಿದದ್ದನ್ನು ಲೈನ್ ಫೀಡ್ ಎಂಬ ಒಂದೇ ಬೈಟ್ ಹೇಳುತ್ತದೆ. ಆಸ್ಕಿಯಲ್ಲಿ ಅದರ ಸಂಖ್ಯೆ 10. ವಿಂಡೋಸ್‌ನಲ್ಲಿ ಅದಕ್ಕೆ ಮುಂಚೆ 13ನೆಯ ಸಂಖ್ಯೆಯ ಕ್ಯಾರೇಜ್ ರಿಟರ್ನ್ ಕೂಡ ಇರುತ್ತದೆ. ಕಾರವಾರದವರ ಎಡಿಟರ್ ಫೈಲನ್ನು ವಿಂಡೋಸ್ ರೀತಿಯಲ್ಲಿ ಉಳಿಸಿದರೆ ಪ್ರತಿ ಸಾಲಿಗೂ ಒಂದು ಬೈಟ್ ಹೆಚ್ಚಾಗುತ್ತದೆ. ಕಣ್ಣಿಗೆ ಏನೂ ವ್ಯತ್ಯಾಸ ಕಾಣದು, ಆದರೆ ಗಿಟ್ ಹೋಲಿಸುವುದು ಬೈಟ್‌ಗಳನ್ನು. ಊಹೆ ಮಾಡುತ್ತಾ ಕೂರಬೇಡಿ. ‘ಗಿಟ್ ಎಲ್ಎಸ್-ಫೈಲ್ಸ್’ ಆಜ್ಞೆಯನ್ನು ‘ಇಒಎಲ್’ ಆಯ್ಕೆಯೊಂದಿಗೆ ಓಡಿಸಿ. ಪ್ರತಿ ಫೈಲಿಗೂ ಗಿಟ್‌ನೊಳಗೆ ಯಾವ ಅಂತ್ಯ ಇದೆ, ನಿಮ್ಮ ಡಿಸ್ಕಿನ ಮೇಲೆ ಯಾವುದಿದೆ ಎಂದು ಅದು ಪಕ್ಕಪಕ್ಕದಲ್ಲಿ ತೋರಿಸುತ್ತದೆ. ‘ಮಿಕ್ಸೆಡ್’ ಎಂದು ಬಂದ ಫೈಲ್‌ಗಳನ್ನು ವಿಶೇಷವಾಗಿ ಗಮನಿಸಿ. ಅವುಗಳಲ್ಲಿ ಎರಡೂ ಬಗೆಯ ಅಂತ್ಯಗಳು ಬೆರೆತಿರುತ್ತವೆ, ಬೇರೆ ಬೇರೆಯವರ ಬದಲಾವಣೆಗಳನ್ನು ಒಂದುಗೂಡಿಸುವಾಗ (ಮರ್ಜ್) ಅತಿ ಹೆಚ್ಚು ಕಾಡುವುದೂ ಅವೇ.

ಇದಕ್ಕೆ ಅನೇಕರು ಕೊಡುವ ಉತ್ತರ ಸಾಲಿನ ಅಂತ್ಯವನ್ನು ತಾನಾಗಿ ಬದಲಿಸುವ ‘ಕೋರ್ ಆಟೋಸಿಆರ್‌ಎಲ್‌ಎಫ್’ ಎಂಬ ಗಿಟ್ ಸೆಟ್ಟಿಂಗ್. ನಾನು ಅದನ್ನು ನೆಚ್ಚಿಕೊಳ್ಳಲು ಹೇಳುವುದಿಲ್ಲ. ಅದು ಒಬ್ಬೊಬ್ಬರ ಕಂಪ್ಯೂಟರಿನಲ್ಲಿ ಒಂದೊಂದು ರೀತಿ ಇರುತ್ತದೆ. ಗಿಟ್ ಇನ್‌ಸ್ಟಾಲ್ ಮಾಡುವಾಗ ಯಾರು ಯಾವ ಗುಂಡಿ ಒತ್ತಿದರು ಎಂಬುದರ ಮೇಲೆ ತಂಡದ ಕೋಡ್ ನಿಲ್ಲಬಾರದು. ಅದರ ಬದಲು ಕೋಡಿನ ಮೂಲ ಫೋಲ್ಡರಿನಲ್ಲಿ ‘.ಗಿಟ್ಆಟ್ರಿಬ್ಯೂಟ್ಸ್’ ಎಂಬ ಫೈಲ್ ಇಟ್ಟು, ಅದನ್ನೂ ಕಮಿಟ್ ಮಾಡಿ, ಅಂದರೆ ಗಿಟ್‌ನಲ್ಲಿ ದಾಖಲಿಸಿ. ಮೊದಲ ಸಾಲಿನಲ್ಲಿ ನಕ್ಷತ್ರ ಚಿಹ್ನೆ ಹಾಕಿ, ‘ಟೆಕ್ಸ್ಟ್’ ಗುಣಕ್ಕೆ ‘ಆಟೋ’ ಎಂಬ ಬೆಲೆ ಕೊಡಿ. ಪಠ್ಯದ ಫೈಲ್‌ಗಳೆಲ್ಲ ಗಿಟ್‌ನೊಳಗೆ ಲೈನ್ ಫೀಡ್‌ನಿಂದಲೇ ಮುಗಿಯುವಂತೆ ಇದು ನೋಡಿಕೊಳ್ಳುತ್ತದೆ, ವ್ಯಕ್ತಿಗತ ಸೆಟ್ಟಿಂಗ್ ಏನೇ ಇರಲಿ. ಅದರ ಕೆಳಗೆ ವಿಂಡೋಸಿನ ಬ್ಯಾಚ್ ಫೈಲ್‌ಗಳಿಗೆ ವಿಂಡೋಸ್ ಅಂತ್ಯವನ್ನೂ, ಶೆಲ್ ಸ್ಕ್ರಿಪ್ಟ್‌ಗಳಿಗೆ ಲೈನ್ ಫೀಡನ್ನೂ ಕಡ್ಡಾಯ ಮಾಡಿ. ಶೆಲ್ ಸ್ಕ್ರಿಪ್ಟಿನ ಮೊದಲ ಸಾಲಿನ ಕೊನೆಗೆ ಕ್ಯಾರೇಜ್ ರಿಟರ್ನ್ ಸೇರಿಕೊಂಡರೆ ಲಿನಕ್ಸ್ ಅದನ್ನು ಇಂಟರ್‌ಪ್ರೆಟರ್ ಹೆಸರಿನ ಭಾಗವೆಂದೇ ಓದುತ್ತದೆ, ಅಂಥ ಪ್ರೋಗ್ರಾಂ ಇಲ್ಲವೆಂದು ಸ್ಕ್ರಿಪ್ಟ್ ನಿಂತುಬಿಡುತ್ತದೆ. ಚಿತ್ರಗಳನ್ನು ‘ಬೈನರಿ’ ಎಂದು ಗುರುತಿಸಿ. ಪರೀಕ್ಷೆಗೆಂದು ಇಟ್ಟುಕೊಂಡ ಬ್ಯಾಂಕ್ ಫೈಲ್‌ಗಳಂತೆ ಒಂದು ಬೈಟೂ ಬದಲಾಗಬಾರದ ಪಠ್ಯವಿದ್ದರೆ, ‘ಟೆಕ್ಸ್ಟ್’ ಗುಣದ ಹೆಸರಿಗೆ ಮುಂಚೆ ಅಡ್ಡಗೆರೆ (-) ಹಾಕಿ ಪರಿವರ್ತನೆಯನ್ನೇ ನಿಲ್ಲಿಸಿ.

ಈಗ ಹಿರಿಯರ ಸಲಹೆಗೆ ಬರುತ್ತೇನೆ. ವಿಮ್‌ನ ಸೂಚನಾ ಸಾಲು, ಅಂದರೆ ಮೋಡ್‌ಲೈನ್, ಒಳ್ಳೆಯ ಉದ್ದೇಶದಿಂದಲೇ ಬಂದದ್ದು. ಫೈಲಿನ ಮೊದಲ ಅಥವಾ ಕೊನೆಯ ಐದು ಸಾಲುಗಳಲ್ಲಿ ಅದನ್ನು ಬರೆದರೆ ವಿಮ್ ಓದಿಕೊಂಡು ಆ ಫೈಲಿಗೆ ತಕ್ಕ ಇಂಡೆಂಟ್ ಇಟ್ಟುಕೊಳ್ಳುತ್ತದೆ. ಆದರೆ ನಿಮ್ಮ ಐವರಲ್ಲಿ ಅದು ಕೇಳಿಸುವುದು ಅವರೊಬ್ಬರಿಗೆ ಮಾತ್ರ. ಕುಮಟಾದವರ ಈಮ್ಯಾಕ್ಸ್‌ಗೆ ಬೇರೆಯದೇ ಸೂಚನೆ ಬೇಕು, ಉಳಿದ ಮೂವರಿಗೆ ಅದೊಂದು ಅರ್ಥವಾಗದ ಕಮೆಂಟ್. ನಾಳೆ ಇಂಡೆಂಟನ್ನು ನಾಲ್ಕರಿಂದ ಎರಡಕ್ಕೆ ಇಳಿಸಬೇಕೆಂದು ತೀರ್ಮಾನಿಸಿದರೆ ಎಲ್ಲ ಫೈಲ್‌ಗಳ ತಲೆಯನ್ನೂ ತಿದ್ದಬೇಕು. ಒಂದು ತಪ್ಪಿದರೂ ಅದು ಉಳಿದವುಗಳಿಗೆ ವಿರುದ್ಧವಾದ ಮಾತು ಹೇಳುತ್ತಾ ಕುಳಿತಿರುತ್ತದೆ. ಸುರಕ್ಷತೆಯ ಮಾತೂ ಇದೆ. 2019ರಲ್ಲಿ ವಿಮ್ ಮತ್ತು ಅದರಿಂದ ಕವಲೊಡೆದ ನಿಯೋವಿಮ್ ಎರಡರಲ್ಲೂ ಒಂದು ದೋಷ ಸಿಕ್ಕಿತು: ಚಾಕಚಕ್ಯತೆಯಿಂದ ಬರೆದ ಮೋಡ್‌ಲೈನ್ ಇರುವ ಫೈಲನ್ನು ತೆರೆದರೆ ಸಾಕು, ಅದರೊಳಗಿನ ಆಜ್ಞೆ ಕಂಪ್ಯೂಟರಿನಲ್ಲಿ ಓಡುತ್ತಿತ್ತು. ಅದನ್ನು ಬೇಗನೆ ಸರಿಪಡಿಸಿದರು. ಆದರೂ ಡೆಬಿಯನ್‌ನಂಥ ಲಿನಕ್ಸ್‌ಗಳು ಮೋಡ್‌ಲೈನನ್ನು ಮೊದಲಿನಿಂದ ಆಫ್ ಮಾಡಿಯೇ ಕೊಡುತ್ತವೆ. ಹಾಗಿರುವಾಗ ಹಿರಿಯರ ಸೂಚನೆ ಇನ್ನೊಬ್ಬ ವಿಮ್ ಬಳಕೆದಾರರಿಗೂ ತಲುಪುವ ಖಾತರಿಯಿಲ್ಲ. ಯಾವ ಪ್ರಾಜೆಕ್ಟಿಗೂ ಸೇರದೆ ಒಂಟಿಯಾಗಿ ಓಡಾಡುವ ಫೈಲ್‌ಗೆ, ವಿಸ್ತರಣೆಯಿಲ್ಲದ ಹೆಸರಿನ ಸ್ಕ್ರಿಪ್ಟಿಗೆ ಮೋಡ್‌ಲೈನ್ ತಕ್ಕದ್ದು. ಐದು ಜನರ ಪ್ರಾಜೆಕ್ಟಿಗೆ ಅಲ್ಲ.

ವಿಎಸ್ ಕೋಡ್‌ನ ಫೋಲ್ಡರಿಗೂ ಇದೇ ಆಕ್ಷೇಪ. ಅದರ ಸೆಟ್ಟಿಂಗ್ಸ್ ಫೈಲಿನಲ್ಲಿ ತಂಡದ ವಿಷಯಗಳ ಜೊತೆಗೆ ಯಾರದೋ ಫಾಂಟ್ ಗಾತ್ರವೂ ಬಣ್ಣದ ಆಯ್ಕೆಯೂ ಸದ್ದಿಲ್ಲದೆ ಸೇರಿಕೊಳ್ಳುತ್ತವೆ. ಆ ಫೋಲ್ಡರಿನಿಂದ ‘ಎಕ್ಸ್‌ಟೆನ್ಷನ್ಸ್’ ಫೈಲನ್ನು ಮಾತ್ರ ಕಮಿಟ್ ಮಾಡಿ. ಪ್ರಾಜೆಕ್ಟನ್ನು ತೆರೆದವರಿಗೆ ಯಾವ ಎಕ್ಸ್‌ಟೆನ್ಷನ್ ಬೇಕೆಂದು ಅದು ಸೂಚಿಸುತ್ತದೆ, ಮುಂದಿನ ಮಾತಿಗೆ ಅದು ಬೇಕಾಗುತ್ತದೆ.

ತಂಡದ ತೀರ್ಮಾನಗಳಿಗೆ ಸರಿಯಾದ ಜಾಗ ಎಡಿಟರ್‌ಕಾನ್ಫಿಗ್. ಕೋಡಿನ ಮೂಲ ಫೋಲ್ಡರಿನಲ್ಲಿ ‘.ಎಡಿಟರ್‌ಕಾನ್ಫಿಗ್’ ಎಂಬ ಒಂದೇ ಚಿಕ್ಕ ಫೈಲ್. ಅದನ್ನು ನಿಮ್ಮ ನಾಲ್ಕೂ ಎಡಿಟರ್‌ಗಳು ಓದಬಲ್ಲವು. ನಿಯೋವಿಮ್‌ನಲ್ಲಿ 2023ರ 0.9 ಆವೃತ್ತಿಯಿಂದ ಅದು ತಾನಾಗಿಯೇ ಕೆಲಸ ಮಾಡುತ್ತದೆ. ವಿಮ್ 9ರ ಇತ್ತೀಚಿನ ಪ್ಯಾಕೇಜಿನಲ್ಲಿ ಜೊತೆಗೇ ಬರುತ್ತದೆ, ಆದರೆ ಒಂದು ಸಾಲು ಬರೆದು ಚಾಲೂ ಮಾಡಬೇಕು. ಈಮ್ಯಾಕ್ಸ್ 30ರಲ್ಲೂ ಹಾಗೆಯೇ. ವಿಎಸ್ ಕೋಡ್‌ಗೆ ಎಕ್ಸ್‌ಟೆನ್ಷನ್, ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ಗೆ ಪ್ಲಗಿನ್ ಹಾಕಿಕೊಳ್ಳಬೇಕು. ಎಕ್ಸ್‌ಟೆನ್ಷನ್ ಇಲ್ಲದಿದ್ದರೆ ವಿಎಸ್ ಕೋಡ್ ಆ ಫೈಲನ್ನು ಮೌನವಾಗಿ ಕಡೆಗಣಿಸುತ್ತದೆ. ಎಡಿಟರ್‌ಕಾನ್ಫಿಗ್ ಹಾಕಿದೆವು, ಏನೂ ಆಗಲಿಲ್ಲ ಎಂಬ ದೂರುಗಳಿಗೆ ಇದು ಬಹಳ ಸಾಮಾನ್ಯವಾದ ಕಾರಣ.

ಅದರ ಮೊದಲ ಸಾಲಿನಲ್ಲಿ ‘ರೂಟ್’ ಎಂಬುದಕ್ಕೆ ‘ಟ್ರೂ’ ಎಂದು ಬರೆಯಿರಿ. ಎಡಿಟರ್ ನೀವು ತೆರೆದ ಫೈಲಿನ ಫೋಲ್ಡರಿನಿಂದ ಶುರುಮಾಡಿ ಮೇಲಿನ ಫೋಲ್ಡರ್‌ಗಳನ್ನೆಲ್ಲ ಹುಡುಕುತ್ತಾ ಹೋಗುತ್ತದೆ. ಈ ಸಾಲು ಕಂಡಲ್ಲಿ ನಿಲ್ಲುತ್ತದೆ. ಅದಿಲ್ಲದಿದ್ದರೆ ಯಾರದೋ ಹೋಮ್ ಫೋಲ್ಡರಿನಲ್ಲಿರುವ ಖಾಸಗಿ ನಿಯಮ ತಂಡದ ಕೋಡಿನೊಳಗೆ ನುಸುಳುತ್ತದೆ. ಬಳಿಕ ಎಲ್ಲ ಫೈಲ್‌ಗಳಿಗೂ ಅನ್ವಯಿಸುವ ನಾಲ್ಕು ಮಾತು: ಎನ್‌ಕೋಡಿಂಗ್ ಯುಟಿಎಫ್-8, ಸಾಲಿನ ಅಂತ್ಯ ಲೈನ್ ಫೀಡ್ (ಬ್ಯಾಚ್ ಫೈಲ್‌ಗಳಿಗೆ ಮಾತ್ರ ವಿಂಡೋಸ್ ಅಂತ್ಯ), ಫೈಲಿನ ಕೊನೆಯಲ್ಲಿ ಒಂದು ಸಾಲಿನ ಅಂತ್ಯ ಇರಲೇಬೇಕು, ಸಾಲಿನ ತುದಿಯ ವ್ಯರ್ಥ ಸ್ಪೇಸ್‌ಗಳನ್ನು ಉಳಿಸುವಾಗ ಅಳಿಸಬೇಕು. ಅದರ ಕೆಳಗೆ ಭಾಷೆವಾರು ಇಂಡೆಂಟ್. ಪೈಥಾನ್‌ಗೆ ನಾಲ್ಕು ಸ್ಪೇಸ್. 2001ರಲ್ಲಿ ಬರೆದ ಪೆಪ್ 8 ಎಂಬ ಮಾರ್ಗಸೂಚಿ ಹಾಗೆ ಹೇಳುತ್ತದೆ, ಪೈಥಾನ್ ಬರೆಯುವ ಲೋಕ ಬಹುತೇಕ ಅದನ್ನೇ ಪಾಲಿಸುತ್ತದೆ. ಜಾವಾಸ್ಕ್ರಿಪ್ಟ್, ಜೇಸನ್, ಯಾಮಲ್‌ಗೆ ಎರಡು ಸ್ಪೇಸ್ ಸಾಕು. ಯಾಮಲ್ ಅಂತೂ ಇಂಡೆಂಟಿನಲ್ಲಿ ಟ್ಯಾಬನ್ನು ಒಪ್ಪುವುದೇ ಇಲ್ಲ. ಮೇಕ್‌ಫೈಲಿಗೆ ಟ್ಯಾಬೇ ಬೇಕು, ಇಲ್ಲದಿದ್ದರೆ ಅದು ಓಡದು. ಟ್ಯಾಬ್ ಒಳ್ಳೆಯದೋ ಸ್ಪೇಸ್ ಒಳ್ಳೆಯದೋ ಎಂದು ನಿಮ್ಮ ತಂಡ ಚರ್ಚಿಸಬೇಕಾದ ಅಗತ್ಯವೇ ಇಲ್ಲ. ಆಯಾ ಭಾಷೆಯವರು ಏನು ಮಾಡುತ್ತಾರೋ ಅದನ್ನು ಮಾಡಿ. ಲಿನಕ್ಸ್ ಕರ್ನೆಲ್‌ನಲ್ಲಿ ಎಂಟು ಕಾಲಂ ಅಗಲದ ಟ್ಯಾಬ್ ಇದೆ, ಗೋ ಭಾಷೆಯ ಅಧಿಕೃತ ಫಾರ್ಮ್ಯಾಟರ್ (ಕೋಡಿನ ವಿನ್ಯಾಸ ಸರಿಪಡಿಸುವ ಪ್ರೋಗ್ರಾಂ) ಕೂಡ ಟ್ಯಾಬನ್ನೇ ಹಾಕುತ್ತದೆ. ಆ ಲೋಕಗಳಿಗೆ ಹೋದಾಗ ಅಲ್ಲಿನ ನಡೆ ನಡೆದರಾಯಿತು.

ತುದಿಯ ಸ್ಪೇಸ್ ಅಳಿಸುವ ನಿಯಮಕ್ಕೆ ಎರಡು ಅಪವಾದ ಇಡಿ. ಮಾರ್ಕ್‌ಡೌನ್‌ನಲ್ಲಿ ಸಾಲಿನ ಕೊನೆಯ ಎರಡು ಸ್ಪೇಸ್‌ಗೆ ‘ಇಲ್ಲಿ ಸಾಲು ಮುರಿ’ ಎಂಬ ಅರ್ಥವಿದೆ. ಕೋಡಿನ ಬದಲಾವಣೆಗಳನ್ನಷ್ಟೇ ಹೊತ್ತ ಪ್ಯಾಚ್ ಫೈಲ್‌ಗಳಲ್ಲಿ ಬದಲಾಗದ ಖಾಲಿ ಸಾಲನ್ನು ಒಂದೇ ಒಂದು ಸ್ಪೇಸ್ ಪ್ರತಿನಿಧಿಸುತ್ತದೆ. ಅದನ್ನು ಅಳಿಸುವ ಎಡಿಟರ್ ಪ್ಯಾಚನ್ನೇ ಕೆಡಿಸಬಹುದು.

ದರಪಟ್ಟಿಯ ಕನ್ನಡದ ವಿಷಯಕ್ಕೆ ಹೆಚ್ಚು ಗಮನ ಕೊಡಿ, ಏಕೆಂದರೆ ಇಂಡೆಂಟ್ ತಪ್ಪಿದರೆ ನಿಮಗೆ ಕಿರಿಕಿರಿ, ಇದು ತಪ್ಪಿದರೆ ರೈತರ ಕೈಗೆ ಹೋಗುವ ಚೀಟಿಯೇ ತಪ್ಪಾಗುತ್ತದೆ. ‘ರಾಶಿ’, ‘ಚಾಲಿ’, ‘ಬಿಳೆಗೋಟು’, ‘ತಟ್ಟಿಬೆಟ್ಟೆ’ ಎಂಬ ಅಡಿಕೆ ಬಗೆಗಳ ಹೆಸರುಗಳು ಅದರಲ್ಲಿರುತ್ತವೆ. ಅಕ್ಷರ ಕೆಟ್ಟಿವೆ ಎಂದಿದ್ದೀರಿ, ಹೇಗೆ ಕೆಟ್ಟವು ಎಂದು ಹೇಳಿಲ್ಲ. ಕೆಟ್ಟ ರೀತಿಯೇ ಕಾರಣವನ್ನು ತಿಳಿಸುತ್ತದೆ. ಖಾಲಿ ಚೌಕಗಳು ಕಂಡರೆ ಫೈಲ್ ಸರಿಯಾಗಿದೆ, ಆ ಕಂಪ್ಯೂಟರಿನಲ್ಲೋ ಪ್ರಿಂಟರಿಗೆ ಕಳಿಸುವ ಪ್ರೋಗ್ರಾಂನಲ್ಲೋ ಕನ್ನಡ ಫಾಂಟ್ ಇಲ್ಲ ಎಂದರ್ಥ, ಕೋಡನ್ನು ಮುಟ್ಟಬೇಡಿ. ತಲೆಯ ಮೇಲೆ ಓರೆಗೆರೆ ಇರುವ ಲ್ಯಾಟಿನ್ ‘ಎ’ ಅಕ್ಷರ ಪ್ರತಿ ಮೂರನೆಯ ಸ್ಥಾನದಲ್ಲಿ ಬರುತ್ತಿದ್ದರೆ, ಯುಟಿಎಫ್-8 ಫೈಲನ್ನು ವಿಂಡೋಸಿನ ಹಳೆಯ ಎನ್‌ಕೋಡಿಂಗಿನಲ್ಲಿ ಓದಲಾಗಿದೆ. ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಚಿಹ್ನೆಗೂ ಮೂರು ಬೈಟ್, ಮೂರರಲ್ಲಿ ಮೊದಲನೆಯದು ಯಾವಾಗಲೂ ಒಂದೇ ಆಗಿರುವುದರಿಂದ ಆ ‘ಎ’ ಮರುಕಳಿಸುತ್ತದೆ. ಆಗ ಉಳಿಸದೆ ಮುಚ್ಚಿ, ಸರಿಯಾದ ಎನ್‌ಕೋಡಿಂಗಿನಲ್ಲಿ ಮತ್ತೆ ತೆರೆದರೆ ಏನೂ ಕಳೆದುಹೋಗಿರುವುದಿಲ್ಲ. ಅಕ್ಷರಗಳ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು ಬಂದಿದ್ದರೆ ಮಾತ್ರ ಮೂಲ ಹೋಯಿತು. ಗಿಟ್‌ನ ಹಿಂದಿನ ಕಮಿಟ್‌ನಿಂದ ಆ ಫೈಲನ್ನು ವಾಪಸ್ ತನ್ನಿ.

ಎಡಿಟರ್‌ಕಾನ್ಫಿಗ್‌ನಲ್ಲಿ ಯುಟಿಎಫ್-8 ಎಂದು ಬರೆಯುವುದರಿಂದ ಇದರ ಬಹುಭಾಗ ನಿಲ್ಲುತ್ತದೆ. ‘ಬಾಮ್’ ಸೇರಿದ ಯುಟಿಎಫ್-8 ಎಂಬ ಇನ್ನೊಂದು ಆಯ್ಕೆಯೂ ಅಲ್ಲಿದೆ, ಅದನ್ನು ಆರಿಸಬೇಡಿ. ಅದು ಫೈಲಿನ ಆರಂಭದಲ್ಲಿ ಮೂರು ಕಾಣದ ಬೈಟ್ ಸೇರಿಸುತ್ತದೆ. ಶೆಲ್ ಸ್ಕ್ರಿಪ್ಟಿನ ಮೊದಲ ಸಾಲು ಕೆಲಸ ಮಾಡದು, ಪೈಥಾನ್ ಕೂಡ ಅಂಥ ಜೇಸನ್ ಪಠ್ಯವನ್ನು ದೋಷವೆಂದು ತಿರಸ್ಕರಿಸಬಹುದು. ಆದರೆ ಸಂಘದ ಗುಮಾಸ್ತರು ಎಕ್ಸೆಲ್‌ನಲ್ಲಿ ನೇರವಾಗಿ ತೆರೆಯಲೆಂದು ನಿಮ್ಮ ಪ್ರೋಗ್ರಾಂ ಹೊರತರುವ ಸಿಎಸ್‌ವಿ ಫೈಲಿಗೆ ಅದೇ ಮೂರು ಬೈಟ್ ಬೇಕು, ಇಲ್ಲದಿದ್ದರೆ ಎಕ್ಸೆಲ್ ಕನ್ನಡವನ್ನು ತಪ್ಪಾಗಿ ಓದುವ ಸಂಭವ ಹೆಚ್ಚು. ಅದನ್ನು ಎಡಿಟರಿನಿಂದ ಮಾಡಿಸಬೇಡಿ, ಪ್ರೋಗ್ರಾಂ ಬರೆಯುವಾಗಲೇ ಸೇರಿಸಿ. ಹಾಗೆಯೇ ಪೈಥಾನ್‌ನಲ್ಲಿ ಫೈಲ್ ತೆರೆಯುವ ಪ್ರತಿ ಕಡೆಯೂ ಎನ್‌ಕೋಡಿಂಗ್ ಯಾವುದೆಂದು ಬರೆಯಿರಿ. ಬರೆಯದಿದ್ದರೆ ವಿಂಡೋಸ್ ತನ್ನ ಹಳೆಯದನ್ನೇ ಕೊಡಬಹುದು. ಕಾಣದ ಅಕ್ಷರಗಳನ್ನು ತೆಗೆಯುತ್ತೇನೆ ಎಂದು ಯಾರಾದರೂ ಸ್ಕ್ರಿಪ್ಟ್ ಬರೆದರೆ ತಡೆಯಿರಿ. ‘ಸಾಫ್ಟ್‌ವೇರ್’ ಎಂಬಲ್ಲಿ ಟಕಾರಕ್ಕೆ ವಕಾರ ಒತ್ತಾಗಿ ಅಂಟದಂತೆ ಹಿಡಿದಿರುವುದು ಅಂಥದ್ದೇ ಒಂದು ಕಾಣದ ಚಿಹ್ನೆ.

ಇನ್ನು ಹಳೆಯ ಕೋಡ್. ಮುಟ್ಟಿದಾಗ ಮುಟ್ಟಿದಷ್ಟು ಎಂಬ ದಾರಿ ನಯವಾಗಿ ಕಂಡರೂ ಅದೇ ಹೆಚ್ಚು ನೋವು ಕೊಡುವುದು. ಎಡಿಟರ್‌ಕಾನ್ಫಿಗ್ ಬಂದ ಮರುದಿನ ಯಾರೋ ತೆರಿಗೆ ಲೆಕ್ಕದ ಒಂದು ಸಾಲು ತಿದ್ದಿ ಉಳಿಸುತ್ತಾರೆ, ಎಡಿಟರ್ ಅದರ ಜೊತೆಗೆ ಹತ್ತಾರು ಸಾಲುಗಳ ತುದಿಯ ಸ್ಪೇಸನ್ನೂ ಅಳಿಸುತ್ತದೆ. ಆ ಕಮಿಟನ್ನು ಪರಿಶೀಲಿಸುವವರಿಗೆ ನಿಜವಾದ ಬದಲಾವಣೆ ಆ ರಾಶಿಯಲ್ಲಿ ಕಾಣುವುದಿಲ್ಲ. ತಿಂಗಳುಗಟ್ಟಲೆ ಹೀಗೆ ನಡೆಯುತ್ತದೆ. ಆದ್ದರಿಂದ ಒಮ್ಮೆಲೇ ಮಾಡಿ, ಆದರೆ ಕೊಯ್ಲಿನ ಗಡಿಬಿಡಿಯಿಲ್ಲದ ವಾರ ಆರಿಸಿ, ಬಾಕಿಯಿರುವ ಬ್ರಾಂಚ್‌ಗಳನ್ನೆಲ್ಲ (ಪ್ರತ್ಯೇಕವಾಗಿ ಸಾಗುತ್ತಿರುವ ಕೋಡಿನ ಕವಲುಗಳನ್ನು) ಮೊದಲು ಮರ್ಜ್ ಮಾಡಿಕೊಂಡು ಮಾಡಿ.

ಮೊದಲ ಕಮಿಟ್‌ನಲ್ಲಿ ಸಾಲಿನ ಅಂತ್ಯಗಳು ಮಾತ್ರ. ‘ಗಿಟ್ ಆಡ್’ ಆಜ್ಞೆಗೆ ‘ರಿನಾರ್ಮಲೈಸ್’ ಎಂಬ ಆಯ್ಕೆಯಿದೆ, 2018ರ ಗಿಟ್ 2.16ರಿಂದ ಬಂದದ್ದು, ಗಿಟ್ಆಟ್ರಿಬ್ಯೂಟ್ಸ್‌ಗೆ ತಕ್ಕಂತೆ ಎಲ್ಲ ಫೈಲ್‌ಗಳನ್ನೂ ಅದು ಮತ್ತೆ ಜೋಡಿಸುತ್ತದೆ. ಎರಡನೆಯ ಕಮಿಟ್‌ನಲ್ಲಿ ಫಾರ್ಮ್ಯಾಟರ್ ಓಡಿಸಿ. ಎಡಿಟರ್‌ಕಾನ್ಫಿಗ್ ಹೊಸದಾಗಿ ಟೈಪ್ ಮಾಡುವುದನ್ನೂ ಉಳಿಸುವುದನ್ನೂ ಮಾತ್ರ ನೋಡಿಕೊಳ್ಳುತ್ತದೆ, ಹಳೆಯ ಇಂಡೆಂಟನ್ನು ತಾನಾಗಿ ಬದಲಿಸುವುದಿಲ್ಲ. ಅದಕ್ಕೆ ಪೈಥಾನ್‌ನಲ್ಲಿ ಬ್ಲ್ಯಾಕ್, ಜಾವಾಸ್ಕ್ರಿಪ್ಟ್‌ನಲ್ಲಿ ಪ್ರೆಟಿಯರ್ ಬೇಕು. ಪ್ರೆಟಿಯರ್ ನಿಮ್ಮ ಎಡಿಟರ್‌ಕಾನ್ಫಿಗನ್ನು ಓದುತ್ತದೆ, ಬ್ಲ್ಯಾಕ್ ಓದುವುದಿಲ್ಲ. ಐವರಲ್ಲೂ ಇವುಗಳ ಒಂದೇ ಆವೃತ್ತಿ ಇರಬೇಕು, ಏಕೆಂದರೆ ಆವೃತ್ತಿ ಬದಲಾದಾಗ ಶೈಲಿಯೂ ಅಷ್ಟಿಷ್ಟು ಬದಲಾಗುತ್ತದೆ. ಈ ಎರಡು ಕಮಿಟ್‌ಗಳಲ್ಲಿ ತರ್ಕದ ಬದಲಾವಣೆ ಒಂದಕ್ಷರವೂ ಇರಬಾರದು.

ಪರಿಶೀಲಿಸುವಾಗ ಒಂದು ಎಚ್ಚರಿಕೆ. ಸ್ಪೇಸ್ ವ್ಯತ್ಯಾಸವನ್ನು ಕಡೆಗಣಿಸಿ ಡಿಫ್ (ಬದಲಾದ ಸಾಲುಗಳ ಪಟ್ಟಿ) ತೆಗೆದು, ಏನೂ ಉಳಿಯಲಿಲ್ಲವಾದ್ದರಿಂದ ಎಲ್ಲ ಸರಿ ಎಂದು ಪೈಥಾನ್‌ನಲ್ಲಿ ನಂಬಬೇಡಿ. ಅಲ್ಲಿ ಇಂಡೆಂಟೇ ಅರ್ಥ. ತೂಕದ ಕಡಿತ ಮಾಡುವ ಸಾಲು ಒಂದು ಹಂತ ಒಳಕ್ಕೆ ಸರಿದರೆ ‘ಇಫ್’ ಒಳಗೆ ಸೇರಿಕೊಂಡುಬಿಡುತ್ತದೆ, ಆ ಡಿಫ್ ಅದನ್ನು ತೋರಿಸುವುದಿಲ್ಲ. ಬ್ಲ್ಯಾಕ್ ತಾನು ಬದಲಿಸಿದ ಕೋಡಿನ ಸಿಂಟ್ಯಾಕ್ಸ್ ಮರವನ್ನು, ಅಂದರೆ ಅದರ ವ್ಯಾಕರಣದ ರಚನೆಯನ್ನು, ಮೂಲದೊಂದಿಗೆ ಹೋಲಿಸಿ ನೋಡುತ್ತದೆ, ಆ ಪರೀಕ್ಷೆಯನ್ನು ಆಫ್ ಮಾಡಬೇಡಿ. ಟ್ಯಾಬ್ ಮತ್ತು ಸ್ಪೇಸ್ ಗೊಂದಲಕರವಾಗಿ ಬೆರೆತ ಹಳೆಯ ಫೈಲ್‌ಗಳನ್ನು ಪೈಥಾನ್ 3 ಓಡಿಸಲು ನಿರಾಕರಿಸುತ್ತದೆ. ಅಂಥವನ್ನು ಕೈಯಿಂದಲೇ, ಬರೆದವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಸರಿಪಡಿಸಿ.

ಇಡೀ ಕೋಡನ್ನು ಒಮ್ಮೆಲೇ ಬದಲಿಸಿದರೆ ಯಾವ ಸಾಲನ್ನು ಯಾರು ಬರೆದರು ಎಂಬ ಇತಿಹಾಸ ಹಾಳಾಗುತ್ತದೆ ಎಂಬ ಅಂಜಿಕೆ ನ್ಯಾಯವಾದದ್ದು. 2019ರ ಗಿಟ್ 2.23 ಅದಕ್ಕೆ ಪರಿಹಾರ ಕೊಟ್ಟಿದೆ. ‘.ಗಿಟ್-ಬ್ಲೇಮ್-ಇಗ್ನೋರ್-ರೆವ್ಸ್’ ಎಂಬ ಫೈಲಿನಲ್ಲಿ ಆ ಎರಡು ಕಮಿಟ್‌ಗಳ ಪೂರ್ಣ ಹ್ಯಾಶ್ (ಪ್ರತಿ ಕಮಿಟ್‌ಗೆ ಗಿಟ್ ಕೊಡುವ ಗುರುತು) ಬರೆದಿಡಿ, ಗಿಟ್‌ನ ‘ಬ್ಲೇಮ್’ ಸೆಟ್ಟಿಂಗಿಗೆ ಆ ಫೈಲಿನ ಹೆಸರು ಕೊಡಿ. ಆಮೇಲೆ ಬ್ಲೇಮ್ ಅವುಗಳನ್ನು ದಾಟಿ ನಿಜವಾಗಿ ಬರೆದವರ ಹೆಸರನ್ನೇ ತೋರಿಸುತ್ತದೆ. ಗಿಟ್‌ಹಬ್ ಈ ಹೆಸರಿನ ಫೈಲನ್ನು ತಾನೇ ಗುರುತಿಸುತ್ತದೆ. ಹ್ಯಾಶ್ ಬರೆಯುವುದು ಮುಖ್ಯ ಬ್ರಾಂಚಿಗೆ ಸೇರಿದ ಮೇಲೆ. ಕಮಿಟ್‌ಗಳನ್ನು ಒಂದಾಗಿಸಿದರೆ (ಸ್ಕ್ವಾಶ್) ಅಥವಾ ಬೇರೆ ಕಮಿಟ್‌ನ ಮೇಲೆ ಮತ್ತೆ ಜೋಡಿಸಿದರೆ (ರಿಬೇಸ್) ಹ್ಯಾಶ್ ಬದಲಾಗುತ್ತದೆ. ಯಾರದಾದರೂ ಬ್ರಾಂಚ್ ಮರ್ಜ್ ಆಗದೆ ಉಳಿದಿದ್ದರೆ, ಅದರಲ್ಲೂ ಅದೇ ಫಾರ್ಮ್ಯಾಟರ್ ಓಡಿಸಿ, ಮರ್ಜ್ ಮಾಡುವಾಗ ‘ರಿನಾರ್ಮಲೈಸ್’ ಆಯ್ಕೆ ಕೊಡಲು ಹೇಳಿ.

ನಿಯಮ ಬರೆದಿಟ್ಟರಷ್ಟೇ ಸಾಲದು, ಕಾಯುವ ಕೆಲಸವನ್ನು ಯಂತ್ರಕ್ಕೆ ಬಿಡಿ. ಸಹೋದ್ಯೋಗಿಯ ಕೋಡಿನಲ್ಲಿ ಸ್ಪೇಸ್ ಹುಡುಕಿ ಟಿಪ್ಪಣಿ ಬರೆಯುವುದು ಸಂಬಂಧ ಕೆಡಿಸುವ ಕೆಲಸ. ಆ ಸಮಯ ಲೆಕ್ಕ ಸರಿಯಿದೆಯೇ ಎಂದು ನೋಡುವುದಕ್ಕೆ ಬೇಕು. ‘ಪ್ರೀ-ಕಮಿಟ್’ ಎಂಬ ಸಾಧನ ಕಮಿಟ್ ಆಗುವ ಮೊದಲೇ ತುದಿಯ ಸ್ಪೇಸ್, ಸಾಲಿನ ಅಂತ್ಯ, ಫಾರ್ಮ್ಯಾಟ್ ಎಲ್ಲವನ್ನೂ ನೋಡುತ್ತದೆ. ಅದು ಮೊದಲ ಬಾರಿ ಮಾತ್ರ ತನಗೆ ಬೇಕಾದದ್ದನ್ನು ಇಂಟರ್ನೆಟ್ಟಿನಿಂದ ಇಳಿಸಿಕೊಂಡು, ನಂತರ ಕಂಪ್ಯೂಟರಿನಲ್ಲಿರುವ ಪ್ರತಿಯಿಂದಲೇ ಕೆಲಸ ಮಾಡುತ್ತದೆ. ಸಿದ್ದಾಪುರದ ಕಡೆಯವರಿಗೆ ಇದು ಮುಖ್ಯ: ಮಳೆಗಾಲದಲ್ಲಿ ನೆಟ್‌ವರ್ಕ್ ಹೋದ ದಿನ ಸರ್ವರಿನ ಪರೀಕ್ಷೆ ಅವರಿಗೆ ಸಿಗುವುದಿಲ್ಲ, ಇದು ಸಿಗುತ್ತದೆ. ಜೂನ್‌ಗೆ ಮುಂಚೆ ಐವರೂ ಒಮ್ಮೆ ಓಡಿಸಿಕೊಂಡಿರಿ. ಇದೇ ಪರೀಕ್ಷೆಯನ್ನು ಸರ್ವರಿನಲ್ಲೂ ಇಡಿ, ಪ್ರೀ-ಕಮಿಟ್ ಹಾಕದವರ ಕೋಡ್ ಅಲ್ಲಿ ನಿಲ್ಲುತ್ತದೆ. ಸರ್ವರ್ ತಪ್ಪನ್ನು ತೋರಿಸಲಿ, ತಾನೇ ತಿದ್ದಿ ಕಮಿಟ್ ಮಾಡುವುದು ಬೇಡ. ನೀವು ಮುಂದಿನ ಕೆಲಸದಲ್ಲಿರುವಾಗ ಬ್ರಾಂಚ್ ನಿಮ್ಮ ಕೈಮೀರಿ ಬದಲಾಗಿ, ಇನ್ನೊಂದು ಮರ್ಜ್ ತಲೆನೋವು ಹುಟ್ಟುತ್ತದೆ.

ಹಿರಿಯರಿಗೆ ಇದನ್ನು ಹೇಳುವಾಗ ಅವರ ವಿಮ್‌ನಿಂದ ಏನನ್ನೂ ಕಿತ್ತುಕೊಳ್ಳುತ್ತಿಲ್ಲ ಎಂಬುದು ಸ್ಪಷ್ಟವಾಗಿರಲಿ. ಅವರ ಕೀಲಿಗಳು, ಬಣ್ಣ, ವರ್ಷಗಳಿಂದ ತಿದ್ದಿಕೊಂಡು ಬಂದ ವಿಮ್‌ಆರ್‌ಸಿ ಎಂಬ ಸೆಟ್ಟಿಂಗ್ ಫೈಲ್ ಹಾಗೆಯೇ ಇರುತ್ತವೆ. ಈಗಾಗಲೇ ಫೈಲ್‌ಗಳಲ್ಲಿರುವ ಮೋಡ್‌ಲೈನ್‌ಗಳನ್ನು ಆ ಎರಡನೆಯ ಕಮಿಟ್‌ನಲ್ಲೇ ತೆಗೆಯಲು ಅವರನ್ನೇ ಕೇಳಿ. ಯಾವುದು ಎಲ್ಲಿದೆ ಎಂದು ಅವರಿಗೆ ಗೊತ್ತಿರುತ್ತದೆ. ಹೊರಗಿನಿಂದ ತಂದು ಇಟ್ಟುಕೊಂಡ ಲೈಬ್ರರಿಗಳ ಫೋಲ್ಡರನ್ನು ಮಾತ್ರ ಯಾರೂ ಮುಟ್ಟಬಾರದು. ಎಡಿಟರ್‌ಕಾನ್ಫಿಗ್‌ನಲ್ಲಿ ಆ ಫೋಲ್ಡರಿನ ಎಲ್ಲ ನಿಯಮಗಳಿಗೂ ‘ಅನ್‌ಸೆಟ್’ ಎಂದು ಬರೆಯಿರಿ, ಗಿಟ್ಆಟ್ರಿಬ್ಯೂಟ್ಸ್‌ನಲ್ಲಿ ಪರಿವರ್ತನೆ ನಿಲ್ಲಿಸಿ, ಫಾರ್ಮ್ಯಾಟರ್‌ಗಳ ಹೊರಗಿಡುವ ಪಟ್ಟಿಯಲ್ಲೂ ಸೇರಿಸಿ. ಅವುಗಳ ಹೊಸ ಆವೃತ್ತಿ ಬಂದಾಗ ಮೂಲದೊಂದಿಗೆ ಹೋಲಿಸಿ ನೋಡಲು ಬೈಟ್‌ಗಳು ಬಂದ ಹಾಗೆಯೇ ಇರಬೇಕು.